ಧಾರಾವಾಹಿಯ ದೃಶ್ಯವೂ ನೆರಳಿನ ಸಾಕ್ಷ್ಯವೂ

ಟೆಲಿವಿಷನ್ ಧಾರಾವಾಹಿಯ ಕಥೆ ಕಲ್ಪಿತವಾಗಿರಬಹುದು. ಅದರಲ್ಲಿ ಕಾಣುವ ಸೂರ್ಯಚಂದ್ರರು ಮಾತ್ರ ನಿಸರ್ಗನಿಯಮಕ್ಕೆ ಅಧೀನರು. ಈ ನಿಯಮಗಳನ್ನು ಬಲ್ಲವರು ದೃಶ್ಯದ ತಪ್ಪುಗಳನ್ನು ಸುಲಭವಾಗಿ ಗುರುತಿಸಬಲ್ಲರು.

ಧಾರಾವಾಹಿಯ ದೃಶ್ಯಗಳನ್ನು ಬೇರೆ ಬೇರೆ ವೇಳೆಗಳಲ್ಲಿ, ಬೇರೆ ಬೇರೆ ಸ್ಥಳಗಳಲ್ಲಿ ಚಿತ್ರಿಸಿ ಅನಂತರ ಜೋಡಿಸುವುದು ವಾಡಿಕೆ. ಶಂಕರ್ ನಾಗ್ ಅವರು ನಿರ್ದೇಶಿಸಿದ, 1987ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಬೀದಿಗಳು ಆಗುಂಬೆಯವು. ಅಲ್ಲಿ ರೈಲುಮಾರ್ಗವಿಲ್ಲದ ಕಾರಣ ನಿಲ್ದಾಣಕ್ಕೆ ಅರಸಾಳುವನ್ನು ಆಶ್ರಯಿಸಲಾಯಿತು. ಇದು ದೋಷವಲ್ಲ, ಕಲೆಯ ಜಾಣ್ಮೆ. ಜೋಡಿಸಿದ ತುಣುಕುಗಳು ಒಂದಕ್ಕೊಂದು ಹೊಂದದಿದ್ದರೆ ಅದು ಸಾತತ್ಯದೋಷ. ನಿಸರ್ಗಕ್ಕೇ ವಿರುದ್ಧವಾದುದನ್ನು ತೋರಿಸಿದರೆ ಅದು ವಾಸ್ತವದೋಷ.

ಸಾತತ್ಯವನ್ನು ಪರೀಕ್ಷಿಸಲು ನೆರಳು ಉತ್ತಮ ಸಾಧನ. ಸೂರ್ಯನು 45 ಡಿಗ್ರಿ ಎತ್ತರದಲ್ಲಿದ್ದಾಗ ಐದು ಅಡಿಯ ವ್ಯಕ್ತಿಯ ನೆರಳು ಐದು ಅಡಿ. 30 ಡಿಗ್ರಿಗೆ ಇಳಿದಾಗ ಎಂಟೂವರೆ ಅಡಿಗೂ ಹೆಚ್ಚು. ಮೈಸೂರು ಜಿಲ್ಲೆಯ ಹೊಸ ಅಗ್ರಹಾರದಂತಹ ಊರಿನಲ್ಲಿ, ಮಾರ್ಚ್ 21ರ ಸುಮಾರಿಗೆ, ಈ ಇಳಿತಕ್ಕೆ ಸುಮಾರು ಒಂದು ಗಂಟೆ ಬೇಕು. ಎರಡು ನಿಮಿಷದ ಸಂಭಾಷಣೆಯಲ್ಲಿ ನೆರಳು ಇಷ್ಟು ಬೆಳೆದರೆ, ಚಿತ್ರೀಕರಣಕ್ಕೆ ಹಿಡಿದ ಕಾಲವೇ ಬಯಲಾಯಿತೆಂದು ತಿಳಿಯಬೇಕು. ಅದೇ ಊರಿನಲ್ಲಿ ಏಪ್ರಿಲ್ 23ರ ಆಸುಪಾಸಿನಲ್ಲಿ ಸೂರ್ಯನು ನಡುಹಗಲಿನಲ್ಲಿ ನೆತ್ತಿಯ ಮೇಲಿರುವುದರಿಂದ ನೆಟ್ಟ ಕೋಲಿನ ನೆರಳು ಬುಡದಲ್ಲಿಯೇ ಅಡಗುತ್ತದೆ. ಅಂದಿನ ಮಧ್ಯಾಹ್ನವೆಂದು ಹೇಳುತ್ತ ನೀಳವಾದ ನೆರಳನ್ನು ತೋರಿಸಿದರೆ ನಂಬಲಾಗದು.

ಚಂದ್ರನೂ ಹೀಗೆಯೇ. ಬಿದಿಗೆಯ ಚಂದ್ರನು ಸೂರ್ಯಾಸ್ತದ ನಂತರ ಪಶ್ಚಿಮದಲ್ಲಿ ಸ್ವಲ್ಪ ಹೊತ್ತು ಕಂಡು ಮುಳುಗುತ್ತಾನೆ. ನಡುರಾತ್ರಿಯಲ್ಲಿ ಅವನನ್ನು ನೆತ್ತಿಯ ಮೇಲೆ ತೋರಿಸುವುದು ವಾಸ್ತವದೋಷ.

ಇಂತಹ ತಪ್ಪುಗಳೆಲ್ಲವೂ ನಿರಪಾಯಕರವಲ್ಲ. ತೆರೆಯ ಮೇಲೆ ದೂರದ ಮಿಂಚೂ ಗುಡುಗೂ ಸಾಮಾನ್ಯವಾಗಿ ಒಮ್ಮೆಗೇ ಬರುತ್ತವೆ. ವಾಸ್ತವವಾಗಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ, ಪ್ರತಿ ಮೂರು ಸೆಕೆಂಡಿನ ಅಂತರವು ಸುಮಾರು ಒಂದು ಕಿಲೋಮೀಟರು ದೂರವನ್ನು ಸೂಚಿಸುತ್ತದೆ. ತೆರೆಯನ್ನೇ ನಂಬಿದವನು, ಗುಡುಗು ತಡವಾಗಿ ಕೇಳಿದಾಗ ಅಪಾಯವಿಲ್ಲವೆಂದು ಗದ್ದೆಯ ಬಯಲಿನಲ್ಲಿಯೇ ನಿಂತಾನು. ಆದರೆ ಹತ್ತು ಕಿಲೋಮೀಟರು ದೂರದ ಮೋಡದ ಸಿಡಿಲೂ ಅವನನ್ನು ಮುಟ್ಟಬಲ್ಲುದು. ಗುಡುಗು ಕೇಳಿಸಿದೊಡನೆ ಭದ್ರವಾದ ಕಟ್ಟಡದೊಳಕ್ಕೆ ಸೇರುವುದೇ ಕ್ಷೇಮ.

ವಿದ್ಯಾರ್ಥಿಗಳು ಶಾಲೆಯ ಅಂಗಳದಲ್ಲಿ ಕೋಲೊಂದನ್ನು ನೆಟ್ಟು, ಗಂಟೆಗೊಮ್ಮೆ ಅದರ ನೆರಳನ್ನು ಅಳೆದು ಬರೆದಿಡಲಿ. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಯಾವ ಧಾರಾವಾಹಿಯ ದೃಶ್ಯವನ್ನಾದರೂ ಪರೀಕ್ಷಿಸಬಹುದು.