ಬೈಪಾಸ್ ಆದ ಅಪ್ಪನ ಆರೈಕೆ ಹೇಗೆ?

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ಹೃದಯದ ಮೂರು ರಕ್ತನಾಳಗಳಲ್ಲಿ ಬ್ಲಾಕ್ ಇದ್ದು, ತಿಂಗಳ ಹಿಂದೆ ಬೈಪಾಸ್ ಆಪರೇಷನ್ ಆಯಿತು. ಅಪ್ಪ ಉಳಿಯುತ್ತಾರೆಂಬ ಭರವಸೆಯೇ ನಮಗಿರಲಿಲ್ಲ. ಈಗ ಮನೆಯೊಳಗೆ ಓಡಾಡುತ್ತಾರೆ. ಡಾಕ್ಟರುಗಳ ಋಣ ಹೇಗೆ ತೀರಿಸುವುದೋ ತಿಳಿಯದು. ಆದರೆ ಅಪ್ಪನಿಗೆ ಊಟ ಸೇರುತ್ತಿಲ್ಲ, ಇದ್ದಕ್ಕಿದ್ದಂತೆ ಅಳುತ್ತಾರೆ, ಬಲಗಾಲು ಊದಿಕೊಂಡಿದೆ. ‘ಆಪರೇಷನ್ ಆಯ್ತಲ್ಲ, ಇನ್ನೂ ಮಾತ್ರೆ ಯಾಕೆ?’ ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ನಿಮ್ಮ ತಂದೆ ಚೇತರಿಸಿಕೊಳ್ಳುತ್ತಿರುವುದು ಬಹಳ ಸಂತೋಷ. ಈ ಚಿಕಿತ್ಸೆಯ ಹಿಂದೆ ಅನೇಕರ ದುಡಿಮೆಯಿದೆ. ಹೃದಯ, ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸಿ ಹೃದಯದೊಳಗೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು 1953ರಲ್ಲಿ ಅಮೆರಿಕದ ಜಾನ್ ಗಿಬ್ಬನ್ ತೋರಿಸಿಕೊಟ್ಟರು. 1967ರಲ್ಲಿ ಅರ್ಜೆಂಟೀನಾ ಮೂಲದ ರೆನೆ ಫವಾಲೊರೊ ಕಾಲಿನ ರಕ್ತನಾಳ ಬಳಸಿ ಬೈಪಾಸ್ ಮಾಡುವ ವಿಧಾನವನ್ನು ರೂಢಿಗೆ ತಂದರು. 1975ರಲ್ಲಿ ಚೆನ್ನೈನಲ್ಲಿ ಡಾ. ಕೆ.ಎಂ. ಚೆರಿಯನ್ ನಮ್ಮ ದೇಶದಲ್ಲೂ ಅದನ್ನು ಯಶಸ್ವಿಯಾಗಿ ಮಾಡಿದರು.

ತಂದೆಯ ಕಾಲು ಊದಲು ಕಾರಣ, ಬೈಪಾಸ್‌ಗೆಂದು ಅಲ್ಲಿಂದ ರಕ್ತನಾಳ ತೆಗೆದಿರುವುದೇ ಇರಬಹುದು. ರಕ್ತನಾಳ ತೆಗೆದ ಕಾಲಿನಲ್ಲಿ ಕೆಲವು ವಾರ ಊತ ಇರುವುದು ಸಾಮಾನ್ಯ. ಕುಳಿತಾಗ, ಮಲಗಿದಾಗ ಕಾಲಿನ ಕೆಳಗೆ ದಿಂಬಿಡಿ. ಮೀನಖಂಡದಲ್ಲಿ ನೋವು ಇದ್ದರೆ, ಅಲ್ಲಿ ಕೆಂಪಾಗಿ ಬಿಸಿಯಾಗಿದ್ದರೆ ಅಂದೇ ವೈದ್ಯರಿಗೆ ತೋರಿಸಿ.

ಅಳು, ಬೇಸರ, ಊಟ ರುಚಿಸದಿರುವುದು, ನಿದ್ದೆಗೇಡು ಕೂಡ ಹಲವರಲ್ಲಿ ಕಾಣುತ್ತವೆ. ‘ಧೈರ್ಯ ತಂದುಕೊಳ್ಳಿ’ ಎಂದು ಗದರಬೇಡಿ. ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಊಟ ಕೊಡಿ, ಸಂಜೆ ಜೊತೆಗೆ ನಡೆಯಿರಿ. ಬೇಸರ ವಾರಗಟ್ಟಲೆ ಬಿಡದಿದ್ದರೆ ವೈದ್ಯರಿಗೆ ತಿಳಿಸಿ. ಅದಕ್ಕೂ ಚಿಕಿತ್ಸೆ ಇದೆ.

ಸೀಳಿದ ಎದೆಮೂಳೆಯನ್ನು ಸ್ಟೀಲ್ ತಂತಿಯಿಂದ ಕಟ್ಟಿರುತ್ತಾರೆ. ಅದು ಗಟ್ಟಿಯಾಗಿ ಕೂಡಲು ಎರಡು–ಮೂರು ತಿಂಗಳು ಬೇಕು. ಅಲ್ಲಿಯವರೆಗೆ ತುಂಬಿದ ಬಿಂದಿಗೆ ಎತ್ತುವುದು, ಬೈಕ್ ಓಡಿಸುವುದು ಬೇಡ. ಕೆಮ್ಮುವಾಗ ಎದೆಗೆ ದಿಂಬು ಅವುಚಿಕೊಳ್ಳಲಿ. ಜ್ವರ, ಗಾಯದಲ್ಲಿ ಕೀವು, ಎದೆಮೂಳೆಯಲ್ಲಿ ಕಟಕಟ ಸದ್ದು, ಎರಡು ಮೂರು ದಿನದಲ್ಲೇ ತೂಕ ಏರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಎದೆನೋವು ಅಥವಾ ವಿಪರೀತ ಉಬ್ಬಸ ಬಂದರೆ ಕೂಡಲೇ 108ಕ್ಕೆ ಕರೆ ಮಾಡಿ.

ಇನ್ನು ಮಾತ್ರೆಯ ವಿಷಯ. ಬೈಪಾಸ್‌ನಿಂದ ರಕ್ತಕ್ಕೆ ಹೊಸ ದಾರಿ ಸಿಕ್ಕಿದೆ. ನಾಳದಲ್ಲಿ ಕೊಬ್ಬು ಕಟ್ಟುವ ಕಾಯಿಲೆ ಹಾಗೇ ಇದೆ. ಎದೆಗೂಡಿನ ಒಳಗಿನ ಅಪಧಮನಿಯಿಂದ ಮಾಡಿದ ಬೈಪಾಸ್ ಸಾಮಾನ್ಯವಾಗಿ ಹತ್ತು ವರ್ಷದ ನಂತರವೂ ತೆರೆದಿರುತ್ತದೆ. ಕಾಲಿನ ನಾಳದವುಗಳಲ್ಲಿ ಆ ಹೊತ್ತಿಗೆ ಸುಮಾರು ಅರ್ಧದಷ್ಟು ಮುಚ್ಚಿಹೋಗಬಹುದು. ಅದನ್ನು ತಡೆಯಲೆಂದೇ ಆಸ್ಪಿರಿನ್ ಮತ್ತು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ. ವೈದ್ಯರು ಹೇಳದೆ ಒಂದನ್ನೂ ನಿಲ್ಲಿಸಬೇಡಿ. ಬಿ.ಪಿ., ಶುಗರ್ ಹತೋಟಿಯಲ್ಲಿರಲಿ. ಬೀಡಿ, ಸಿಗರೇಟು, ತಂಬಾಕು ಮನೆಯೊಳಗೇ ಬರದಿರಲಿ.

ಋಣ ತೀರಿಸುವ ಮಾತು ಕೇಳಿದ್ದೀರಿ. ತಂದೆಯನ್ನು ತಪ್ಪದೆ ತಪಾಸಣೆಗೆ ಕರೆದೊಯ್ಯಿರಿ. ಆಪರೇಷನ್ ಮಾಡಿದವರಿಗೆ ಅದಕ್ಕಿಂತ ದೊಡ್ಡ ಕಾಣಿಕೆ ಇಲ್ಲ. ತಂದೆಯ ಶಸ್ತ್ರಚಿಕಿತ್ಸೆಗೆಂದು ರಕ್ತ ಕೊಟ್ಟವರನ್ನೂ ನೆನೆಯಿರಿ. ನೀವು 18 ದಾಟಿದ ಆರೋಗ್ಯವಂತರಾದರೆ, ಹತ್ತಿರದ ರಕ್ತನಿಧಿಗೆ ಹೋಗಿ ರಕ್ತದಾನ ಮಾಡಿ.