ದಸರೆಯ ಬಿಡುವಿನಲ್ಲಿ ಕಡಲ ಸೀಮೆ



ರಾಗಿಗೆ ಕುಂಟೆ ಹೊಡೆದು, ಕಳೆ ತೆಗೆದು, ಮೇಲುಗೊಬ್ಬರ ಕೊಟ್ಟಾದ ಮೇಲೆ ತೆನೆ ಬಲಿಯುವವರೆಗೆ ನಮ್ಮ ಕೆಂಗೇರಿ, ತಾವರೆಕೆರೆ ಹೋಬಳಿಗಳ ಹೊಲಗಳಲ್ಲಿ ಕೊಂಚ ಬಿಡುವು ಸಿಗುತ್ತದೆ. ಅದೇ ಹೊತ್ತಿಗೆ ನವರಾತ್ರಿಯೂ ಮಕ್ಕಳ ಶಾಲೆಯ ರಜೆಯೂ ಬರುತ್ತವೆ. ಈ ದಿನಗಳಲ್ಲಿ ಮೈಸೂರಿಗೆ ಹೋಗಿ ಜಂಬೂ ಸವಾರಿ ನೋಡಿ ಬರುವುದು ನಮ್ಮವರ ಹಳೆಯ ವಾಡಿಕೆ. ಈಗೀಗ ಮಕ್ಕಳು ಕಡಲು ನೋಡಬೇಕೆಂದು ಹಟ ಹಿಡಿಯುತ್ತಾರೆ. ಯುವಕರು ಸೇರಿ ಗಾಡಿ ಗೊತ್ತುಮಾಡಿಕೊಂಡು ಮಂಗಳೂರು, ಉಡುಪಿಯ ಕಡೆಗೆ ಹೊರಡುತ್ತಾರೆ. ಹೋಗುವುದು ಒಳ್ಳೆಯದೇ. ಆದರೆ ಕೆರೆ, ಬಾವಿಗಳನ್ನು ಮಾತ್ರ ಬಲ್ಲ ನಾವು ಎರಡು ಸಂಗತಿಗಳನ್ನು ತಿಳಿದು ಹೊರಡಬೇಕು. ಅಲ್ಲಿಯ ಹಬ್ಬಗಳಲ್ಲಿ ಬೇಸಾಯಗಾರನು ನೋಡತಕ್ಕದ್ದು ಏನು ಎಂಬುದು ಒಂದು. ಕಡಲ ನೀರು ಹೇಗೆ ನಡೆದುಕೊಳ್ಳುತ್ತದೆ ಎಂಬುದು ಇನ್ನೊಂದು. ಎರಡನೆಯದನ್ನೇ ಮೊದಲು ಹೇಳುತ್ತೇವೆ. ಅದು ಜೀವದ ಮಾತು.

2024ರ ಡಿಸೆಂಬರ್ ತಿಂಗಳಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಹೋದ ಮಕ್ಕಳ ಪೈಕಿ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅವರೂ ನಮ್ಮಂತೆಯೇ ರಾಗಿ ಸೀಮೆಯವರು, ಕೆರೆಯ ನೀರು ಕಂಡು ಬೆಳೆದವರು. ದೂರದ ಒಣ ಸೀಮೆಯಿಂದ ಬಂದವರೇ ಕಡಲಿಗೆ ಸಿಕ್ಕಿಬೀಳುವ ಸುದ್ದಿ ವರ್ಷವರ್ಷವೂ ಬರುತ್ತದೆ. ಬಾವಿಯಲ್ಲಿ ಧುಮುಕಿ ಈಜು ಕಲಿತ ಗಟ್ಟಿ ಯುವಕರೂ ಇದರಲ್ಲಿ ಸೇರಿರುತ್ತಾರೆ. ಈಜು ಬರುವವನು ಏಕೆ ಮುಳುಗುತ್ತಾನೆ?

ನಿಮ್ಮ ಹೊಲವನ್ನೇ ನೆನೆಯಿರಿ. ಜೋರು ಮಳೆ ಹೊಯ್ದಾಗ ತಗ್ಗಿನ ಹೊಲದಲ್ಲಿ ನೀರು ನಿಲ್ಲುತ್ತದೆ. ಬದುವು ಒಂದು ಕಡೆ ಗೇಣಗಲ ಗಂಡಿ ಬಿದ್ದರೆ ನಾಲ್ಕು ಮೂಲೆಯ ನೀರೆಲ್ಲವೂ ಆ ಒಂದು ಗಂಡಿಯಿಂದ ನುಗ್ಗುತ್ತದೆ. ಉಳಿದ ಹೊಲದಲ್ಲಿ ನೀರು ಸುಮ್ಮನೆ ನಿಂತಂತೆ ಕಂಡರೂ ಗಂಡಿಯ ಬಾಯಲ್ಲಿ ಮಂಕರಿಯನ್ನೂ ಎಳೆದೊಯ್ಯುವಷ್ಟು ರಭಸವಿರುತ್ತದೆ. ಕಡಲ ತೀರದಲ್ಲಿ ನಡೆಯುವುದೂ ಇದೇ. ಅಲೆಗಳು ಒಂದರ ಹಿಂದೆ ಒಂದು ಬಂದು ದಡದ ಹತ್ತಿರ ನೀರನ್ನು ಒಟ್ಟುತ್ತವೆ. ಆ ನೀರು ಹಿಂದಿರುಗಬೇಕಷ್ಟೆ. ಮರಳಿನ ದಿಣ್ಣೆಗಳ ನಡುವೆ ತಗ್ಗಾದ ದಾರಿ ಎಲ್ಲಿದೆಯೋ ಅಲ್ಲಿಂದ ಒಟ್ಟಾಗಿ ಕಡಲಿನೊಳಕ್ಕೆ ಹರಿಯುತ್ತದೆ. ಈ ಸೆಳೆತವು ಒಳ್ಳೆಯ ಈಜುಗಾರನ ವೇಗವನ್ನೂ ಮೀರಬಲ್ಲದು.

ಇದರಲ್ಲಿ ಒಂದು ಮೋಸವಿದೆ. ಸೆಳೆತವಿರುವ ಕಡೆ ಅಲೆಗಳು ಒಡೆಯುವುದು ಕಡಿಮೆ. ಎಡಬಲಗಳಲ್ಲಿ ಬಿಳಿ ನೊರೆ ಎದ್ದಿದ್ದರೆ ನಡುವೆ ಒಂದು ಪಟ್ಟಿ ಮಾತ್ರ ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಅರಿಯದವನು ‘ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಇದೇ ವಾಸಿ’ ಎಂದು ಅಲ್ಲಿಗೇ ಇಳಿಸುತ್ತಾನೆ. ಆದುದರಿಂದ ದಡ ಮುಟ್ಟಿದ ಕೂಡಲೇ ನೀರಿಗೆ ಇಳಿಯಬೇಡಿರಿ. ಎತ್ತರದ ಜಾಗದಲ್ಲಿ ಹತ್ತು ನಿಮಿಷ ನಿಂತು ನೋಡಿರಿ: ನೊರೆ, ಕಸಕಡ್ಡಿ ಎಲ್ಲಿ ದಡದಿಂದ ಒಳಕ್ಕೆ ಹೋಗುತ್ತಿದೆಯೋ ಅದೇ ಗಂಡಿ. ಜೀವರಕ್ಷಕರು ಇರುವ ತೀರವಾದರೆ ಅವರನ್ನೇ ಕೇಳಿರಿ. ಕೆಂಪು ಬಾವುಟ ಕಟ್ಟಿದ್ದರೆ ಇಳಿಯಕೂಡದು. ಕೆಂಪು ಹಳದಿ ಎರಡೂ ಬಣ್ಣವುಳ್ಳ ಬಾವುಟಗಳನ್ನು ನೆಟ್ಟಿದ್ದರೆ ಆ ಎರಡರ ನಡುವೆ ಮಾತ್ರ ಸ್ನಾನ. ಈಜು ಬಾರದವರು ಮೊಣಕಾಲಿಗಿಂತ ಮೇಲೆ ನೀರು ಬರದಂತೆ ನಿಲ್ಲಲಿ. ಚಿಕ್ಕ ಮಕ್ಕಳ ಕೈಯನ್ನು ದೊಡ್ಡವರೊಬ್ಬರು ಹಿಡಿದೇ ಇರಲಿ. ಹೆಂಗಸರು ಸೀರೆಯಲ್ಲಿ ಆಳಕ್ಕೆ ಇಳಿಯಬಾರದು, ನೆನೆದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಕುಡಿದವನನ್ನು ಮರಳಿನ ಮೇಲೆಯೇ ಕೂರಿಸಿರಿ, ಅವನು ಎಷ್ಟೇ ಜಗಳವಾಡಲಿ.

ಅಕಸ್ಮಾತ್ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ನೇರವಾಗಿ ಈಜುವುದೇ ಸಾವಿನ ದಾರಿ. ನೀರಿನೊಡನೆ ಹೋರಾಡಿ ಕೈಸೋತವನು ಮುಳುಗುತ್ತಾನೆ. ಸೆಳೆತವು ಒಳಕ್ಕೆ ಎಳೆಯುತ್ತದೆಯೇ ಹೊರತು ಕೆಳಕ್ಕೆ ಎಳೆಯುವುದಿಲ್ಲ. ಮೈ ಸಡಿಲಬಿಟ್ಟು ತೇಲಿರಿ, ಕೈ ಎತ್ತಿ ಕೂಗಿರಿ. ಈಜಬಲ್ಲವರು ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಿ ಆ ಪಟ್ಟಿಯಿಂದ ಹೊರಬಂದು, ಅನಂತರ ಅಲೆಯ ಜೊತೆಗೆ ದಡಕ್ಕೆ ತಿರುಗಬೇಕು. ಕಷ್ಟಕ್ಕೆ ಸಿಕ್ಕಿದವನನ್ನು ಕಂಡು ಒಬ್ಬರ ಹಿಂದೆ ಒಬ್ಬರು ನೀರಿಗೆ ಧುಮುಕುವುದರಿಂದಲೇ ಒಂದು ಮನೆಯ ಮೂವರು ನಾಲ್ವರು ಹೋಗುವುದು. ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಗಾಳಿ ತುಂಬಿದ ಟ್ಯೂಬು, ತೇಲುವಂಥದು ಏನಾದರೂ ಸರಿ, ಎಸೆಯಿರಿ. ಗಾಡಿಯಲ್ಲಿ ಹೋಗುವವರು ಇಪ್ಪತ್ತು ಮಾರು ಹಗ್ಗವನ್ನು ಜೊತೆಗಿಟ್ಟುಕೊಂಡರೆ ಭಾರವೇನಿಲ್ಲ. ಕಡಲ ಬದಿಯ ಬಂಡೆಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವ ಆಸೆಯನ್ನೂ ಬಿಡಿರಿ. ಪಾಚಿ ಕಟ್ಟಿದ ಬಂಡೆ ಎಣ್ಣೆ ಸುರಿದ ಗಾಣದ ಕಲ್ಲಿನಂತೆ.

ಉಬ್ಬರ ಇಳಿತಗಳನ್ನು ಲೆಕ್ಕ ಹಾಕಲು ನಮ್ಮ ಪಂಚಾಂಗವೇ ಸಾಕು. ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸಮೀಪದಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಹಾಗಾಗಿ ಮಹಾನವಮಿಯಲ್ಲಿ ಏರಿಳಿತ ಸಣ್ಣದು, ದೀಪಾವಳಿಯ ಅಮಾವಾಸ್ಯೆಯಲ್ಲಿ ದೊಡ್ಡದು. ಆದರೆ ಅಲೆಯ ಸೆಳೆತವು ತಿಥಿ ನೋಡಿ ಬರುವುದಲ್ಲ, ಎಂದಿಗೂ ಬರಬಹುದು.

ಇನ್ನು ಹಬ್ಬಗಳ ಮಾತು.

ಮೈಸೂರು ದಸರೆಗೆ ಆನೆ, ಅಂಬಾರಿ. ಮಂಗಳೂರು ದಸರೆಗೆ ಮಣ್ಣು. ಕುದ್ರೋಳಿಯ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ ಗಣಪತಿ, ಶಾರದೆ ಮತ್ತು ನವದುರ್ಗೆಯರ ಮಣ್ಣಿನ ಮೂರ್ತಿಗಳನ್ನು ಮಾಡಿ ನವರಾತ್ರಿಯುದ್ದಕ್ಕೂ ಪೂಜಿಸುತ್ತಾರೆ. ವಿಜಯದಶಮಿಯ ಸಂಜೆ ಹೊರಟ ಮೆರವಣಿಗೆ ದೀಪಗಳಿಂದ ಅಲಂಕರಿಸಿದ ಊರನ್ನು ಸುತ್ತಿ ಮುಂಜಾವದ ಹೊತ್ತಿಗೆ ಹಿಂದಿರುಗುತ್ತದೆ. ಮೂರ್ತಿಗಳನ್ನು ದೇವಸ್ಥಾನದ ಕೊಳದಲ್ಲಿಯೇ ವಿಸರ್ಜಿಸುತ್ತಾರೆ. ಬಿಲ್ಲವರನ್ನು ದೇವಸ್ಥಾನಗಳ ಒಳಗೆ ಬಿಡದಿದ್ದ ಕಾಲದಲ್ಲಿ, 1912ರಲ್ಲಿ, ಕೇರಳದ ನಾರಾಯಣ ಗುರುಗಳು ಇಲ್ಲಿ ಲಿಂಗ ಪ್ರತಿಷ್ಠೆ ಮಾಡಿದರು. 2013ರಲ್ಲಿ ಇದೇ ದೇವಸ್ಥಾನವು ಗಂಡನನ್ನು ಕಳೆದುಕೊಂಡ ಇಬ್ಬರು ಹೆಂಗಸರನ್ನು ಅರ್ಚಕರನ್ನಾಗಿ ನೇಮಿಸಿತು. ಹಬ್ಬದ ದಿನ ಮಗಳಿಗೆ ಹೂ ಮುಡಿಸಿ ತಾಯಿಗೆ ಮಾತ್ರ ಬೇಡವೆನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಂಥವರು ಅಲ್ಲಿ ಹೋಗಿ ಒಮ್ಮೆ ನೋಡಲಿ.

ಮಕ್ಕಳಿಗೆ ಮೆಚ್ಚಿಗೆಯಾಗುವುದು ಹುಲಿವೇಷ. ತುಳುವಿನಲ್ಲಿ ಪಿಲಿವೇಷ ಎನ್ನುತ್ತಾರೆ. ಮೈಗೆಲ್ಲ ಹಳದಿ ಬಳಿದು ಕಪ್ಪು ಪಟ್ಟೆ ಬರೆದುಕೊಂಡ ತಂಡಗಳು ತಾಸೆ, ಡೋಲುಗಳ ಪೆಟ್ಟಿಗೆ ಕುಣಿಯುತ್ತವೆ. ಹಲವರು ದೇವಿಗೆ ಹರಕೆ ಹೊತ್ತು ವೇಷ ಹಾಕುತ್ತಾರೆ. ಇವರ ಆಟಗಳಲ್ಲಿ ಒಂದನ್ನು ತಪ್ಪದೆ ನೋಡಿರಿ. ನೆಲದ ಮೇಲಿಟ್ಟ ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಎತ್ತಿ ತಲೆಯ ಮೇಲಿನಿಂದ ಹಿಂದಕ್ಕೆ ಎಸೆಯುತ್ತಾರೆ. ಈ ಅಕ್ಕಿಮುಡಿ ಎಂಬುದೇ ಬೇಸಾಯಗಾರನು ನೋಡತಕ್ಕ ವಸ್ತು. ಭತ್ತದ ಹುಲ್ಲನ್ನು ಹರಡಿ, ಅಕ್ಕಿ ತುಂಬಿ, ಹುಲ್ಲಿನಿಂದಲೇ ಹೊಸೆದ ಹಗ್ಗದಿಂದ ಬಿಗಿದು, ಬಡಿದು ಬಡಿದು ಉಂಡೆ ಮಾಡುತ್ತಾರೆ. ಒಂದು ಮುಡಿಗೆ 42 ಸೇರು ಎಂಬುದು ಅಲ್ಲಿಯ ಲೆಕ್ಕ. ನಮ್ಮ ಹಗೇವಿನಲ್ಲಿ ರಾಗಿ ಕೆಡದೆ ಇರುತ್ತಿದ್ದಂತೆ ಮಳೆಗಾಲದ ತೇವದಲ್ಲೂ ಮುಡಿಯ ಅಕ್ಕಿ ಉಳಿಯುತ್ತಿತ್ತು. ಗೇಣಿಯನ್ನೂ ಮುಡಿಯ ಲೆಕ್ಕದಲ್ಲೇ ಅಳೆಯುತ್ತಿದ್ದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಆ ಸೀಮೆಯ ಗೇಣಿದಾರರು ಬಹುಮಂದಿ ಉಳುತ್ತಿದ್ದ ನೆಲಕ್ಕೆ ತಾವೇ ಒಡೆಯರಾದರು. ಧಣಿಯ ಅಂಗಳಕ್ಕೆ ಹೊತ್ತುಹಾಕುತ್ತಿದ್ದ ಮುಡಿಯು ಇಂದು ಹಬ್ಬದ ಬೀದಿಯಲ್ಲಿ ಆಟದ ವಸ್ತುವಾಗಿದೆ.

ನಮ್ಮ ರಾಗಿ ಇನ್ನೂ ಹಸಿರಾಗಿರುವ ಈ ತಿಂಗಳುಗಳಲ್ಲಿ ಅಲ್ಲಿ ಮುಂಗಾರಿನ ಭತ್ತ ತೆನೆ ತುಂಬಿರುತ್ತದೆ. ಆದಕಾರಣ ಅಲ್ಲಿಯ ಶರತ್ಕಾಲದ ಹಬ್ಬಗಳೆಲ್ಲ ಹೊಸ ಧಾನ್ಯದ ಹಬ್ಬಗಳೇ. ಚೌತಿಯಿಂದ ನವರಾತ್ರಿಯವರೆಗೆ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ಕದಿರು ಕಟ್ಟುತ್ತಾರೆ: ಹೊಸ ತೆನೆಯನ್ನು ಮಾವು, ಹಲಸು ಮೊದಲಾದ ಎಲೆಗಳೊಡನೆ ಸೇರಿಸಿ ಮನೆಯ ಕಂಬಕ್ಕೆ, ಹಟ್ಟಿಗೆ, ನೇಗಿಲಿಗೆ, ತೆಂಗಿನ ಮರಕ್ಕೆ ಕಟ್ಟುವುದು, ಆ ಮೇಲೆ ಹೊಸ ಅಕ್ಕಿಯ ಊಟ. ಕ್ರೈಸ್ತ ಕುಟುಂಬಗಳು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬ ಮಾಡುತ್ತವೆ. ಮಕ್ಕಳು ಮರಿಯಮ್ಮನವರಿಗೆ ಹೂ ಅರ್ಪಿಸುತ್ತಾರೆ, ಚರ್ಚಿನಲ್ಲಿ ಹೊಸ ತೆನೆಗೆ ಆಶೀರ್ವಾದವಾಗುತ್ತದೆ, ಆ ತೆನೆಯ ಕಾಳನ್ನು ಮನೆಗೆ ತಂದು ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ಮೀನಿಲ್ಲದೆ ಊಟ ಸೇರದ ಆ ಮನೆಗಳಲ್ಲಿ ಅಂದು ತರಕಾರಿಯ ಅಡುಗೆ. ದೀಪಾವಳಿಯಲ್ಲಿ ತುಳುವರು ಅಂಗಳದಲ್ಲಿ ಹಾಲೆಮರದ ಕೊಂಬೆ ನೆಟ್ಟು ಕಾಡುಹೂಗಳಿಂದ ಸಿಂಗರಿಸಿ, ಗದ್ದೆಯಲ್ಲಿ ದೀಪವಿಟ್ಟು, ಅವಲಕ್ಕಿ ತೆಂಗಿನಕಾಯಿ ಎಡೆಮಾಡಿ, ಬಲಿಯೇಂದ್ರನನ್ನು ಕೂ ಎಂದು ಕೂಗಿ ಕರೆಯುತ್ತಾರೆ. ನಮ್ಮಲ್ಲಿ ಬಲಿಪಾಡ್ಯಮಿಗೆ ಹೊಸಿಲಿನಲ್ಲಿ ಸಗಣಿಯ ಉಂಡೆಗೆ ಹೂ ಸಿಕ್ಕಿಸುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಬಳ ನೋಡಬೇಕೆಂಬವರು ದಸರೆಗೆ ಹೋದರೆ ಸಿಗದು. ಅದು ಭತ್ತ ಕೊಯ್ದ ಮೇಲೆ, ನವೆಂಬರ್‌ನಿಂದ ಮುಂದಕ್ಕೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಕಂಬಳವನ್ನು ಕಂಡವರಿಗೆ ಕೋಣಗಳ ಓಟ ಗೊತ್ತು, ಆದರೆ ಅದು ನಿಜವಾದ ಗದ್ದೆಯಾಗಿರಲಿಲ್ಲ.

ಮಕ್ಕಳ ಕಾಲಿಗೆ ದಣಿವಾಗದಂತೆ ನೋಡುವ ಜಾಗಗಳು ಹಲವಿವೆ. ಮಂಗಳೂರಿನ ಹೊರವಲಯದ ಪಿಲಿಕುಳದಲ್ಲಿ ಪ್ರಾಣಿಗಳ ಜೊತೆಗೆ ಕುಂಬಾರ, ಕಮ್ಮಾರ ಮುಂತಾದ ಕಸುಬುದಾರರ ಗ್ರಾಮವೂ, ಹಳೆಯ ಜಮೀನ್ದಾರರ ಗುತ್ತಿನ ಮನೆಯ ಮಾದರಿಯೂ, ತಾರಾಲಯವೂ ಇವೆ. ಒಂದು ಪೂರ್ಣ ದಿನ ಬೇಕು. ಉಡುಪಿಯ ದಾರಿಯಲ್ಲಿ ಪಡುಬಿದ್ರಿಯ ಒಂದು ತೀರಕ್ಕೆ 2020ರಲ್ಲಿ ಅಂತರರಾಷ್ಟ್ರೀಯ ನೀಲಿ ಬಾವುಟದ ಮನ್ನಣೆ ದೊರೆಯಿತು. ಚೊಕ್ಕಟತನ, ಶೌಚಾಲಯ, ಜೀವರಕ್ಷಕರ ವ್ಯವಸ್ಥೆಗಳನ್ನು ನೋಡಿ ಕೊಡುವ ಮನ್ನಣೆಯಿದು. ಹೆಂಗಸರು ಮಕ್ಕಳೊಡನೆ ಹೋಗುವವರು ಇಂಥ ತೀರವನ್ನೇ ಆರಿಸಿಕೊಳ್ಳಿರಿ. ಸಮೀಪದ ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಗಳುಂಟು, ಮಳೆಗಾಲದಲ್ಲಿ ನಿಂತಿದ್ದು ಕಡಲು ಶಾಂತವಾದ ಮೇಲೆ ಹೊರಡುತ್ತವೆ. ಹೋದ ದಿನವೇ ವಿಚಾರಿಸಬೇಕು. ಅಲ್ಲಿ ಆರು ಮೂಲೆಯ ಕಲ್ಲುಕಂಬಗಳು ಯಾರೋ ಕೆತ್ತಿ ನಿಲ್ಲಿಸಿದಂತೆ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನೆಲವು ನಮ್ಮ ನೆಲದಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಕರಗಿದ ಕಲ್ಲು ಆರುತ್ತ ಆರುತ್ತ ಹೀಗೆ ಬಿರಿಯಿತು. ಕೆರೆಯ ಕೆಸರು ಒಣಗಿ ಬಿರಿಯುವುದನ್ನು ನೀವು ಕಂಡಿದ್ದೀರಿ. ನಮ್ಮ ಸಾವನದುರ್ಗದ ಬಂಡೆ ಸುಮಾರು 250 ಕೋಟಿ ವರ್ಷದ್ದು, ಅದರ ಮುಂದೆ ಇದು ಮೊನ್ನೆಯ ಕಲ್ಲು ಎಂದು ಮಕ್ಕಳಿಗೆ ಹೇಳಿರಿ.

ಉಡುಪಿಯ ಕೃಷ್ಣ ಮಠ ನೋಡಿದವರು ಮಟ್ಟು ಗ್ರಾಮವನ್ನೂ ನೋಡಬಹುದು. ಅಲ್ಲಿಯ ಗುಳ್ಳ ಬದನೆಗೆ ಭೌಗೋಳಿಕ ಗುರುತಿನ ನೋಂದಣಿಯಾಗಿದೆ. ಸೋದೆ ಮಠದ ವಾದಿರಾಜರು ಬೀಜ ಕೊಟ್ಟರೆಂದು ಐತಿಹ್ಯ. ಹತ್ತಿರದ ಶಂಕರಪುರದವರು ಮನೆಯ ಹಿತ್ತಿಲಿನಲ್ಲೇ ಮಲ್ಲಿಗೆ ಬೆಳೆದು ದಿನವೂ ಮಾರುತ್ತಾರೆ. ಹತ್ತು ಗುಂಟೆ ಉಳಿಸಿಕೊಂಡು ಸುತ್ತ ಲೇಔಟುಗಳನ್ನು ನೋಡುತ್ತ ಕುಳಿತ ನಮ್ಮ ಕೆಂಗೇರಿಯ ಕಡೆಯವರು ಆ ಹಿತ್ತಿಲುಗಳ ಆದಾಯ ಖರ್ಚನ್ನು ಕೇಳಿ ಬರೆದುಕೊಂಡು ಬರಲಿ. ನಮ್ಮ ಮಟ್ಟಿಗೆ ದ್ವೀಪಕ್ಕಿಂತ ಇದೇ ಹೆಚ್ಚಿನದು.

ಹೋಗುವ ಬಗೆ: ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಬಸ್ಸು ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತದೆ. ರೈಲು ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ 57 ಸುರಂಗಗಳನ್ನು ನುಸುಳುತ್ತದೆ. ಹಗಲು ರೈಲು ಇರುವ ದಿನವನ್ನು ವಿಚಾರಿಸಿ ಹೊರಟರೆ ಮಕ್ಕಳು ಸುರಂಗ ಎಣಿಸುತ್ತ ಕೂರುತ್ತಾರೆ. ಮಳೆ ಹೆಚ್ಚಾದ ವರ್ಷ ಘಾಟಿಯಲ್ಲಿ ಮಣ್ಣು ಕುಸಿದು ದಾರಿ ನಿಲ್ಲುವುದುಂಟು. 2023ರ ಜೂನ್‌ನಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿಲ್ಲ, ಗುರುತಿನ ಚೀಟಿ ಮರೆಯಬಾರದು. ದಸರೆಯ ವಾರ ಕೋಣೆಗಳು ಮೊದಲೇ ತುಂಬುತ್ತವೆ. ವಿಜಯನಗರ, ಬಸವೇಶ್ವರನಗರಗಳಲ್ಲಿ ನೀವು ಸೊಪ್ಪು ಹಾಲು ಹಾಕುವ ಹೋಟೆಲುಗಳಲ್ಲಿ ಕರಾವಳಿಯವರು ಅನೇಕರಿದ್ದಾರೆ. ಅವರನ್ನು ಕೇಳಿದರೆ ಕಡಿಮೆ ಬಾಡಿಗೆಯ ಜಾಗ ಹೇಳಿಯಾರು. ಅಲ್ಲಿ ಮುದ್ದೆ ದೊರೆಯದು, ಕುಚಲಕ್ಕಿಯ ಅನ್ನ. ವಯಸ್ಸಾದವರಿಗೆ ರಾಗಿಹಿಟ್ಟನ್ನು ಕಟ್ಟಿಕೊಂಡು ಹೋಗಿರಿ.

ಮನೆಯಲ್ಲಿ ಕರೆಯುವ ಹಸುವಿದ್ದರೆ ಮೂರು ದಿನ ಬಿಟ್ಟು ಹೋಗುವುದು ಹೇಗೆ ಎಂಬುದೇ ಎಲ್ಲಕ್ಕಿಂತ ದೊಡ್ಡ ತೊಡಕು. ಕಳೆ ಕೀಳಲು, ಕೊಯ್ಯಲು ಮುಯ್ಯಾಳು ಮಾಡಿಕೊಳ್ಳುವಂತೆ ಇದಕ್ಕೂ ಮುಯ್ಯಿ ಮಾಡಿಕೊಳ್ಳಿರಿ. ಈ ಬೀದಿಯವರು ದಸರೆಗೆ ಹೋದರೆ ಆ ಬೀದಿಯವರು ಹಾಲು ಕರೆದು ಡೇರಿಗೆ ಹಾಕಲಿ. ದೀಪಾವಳಿಗೆ ಅವರು ಹೊರಡುವಾಗ ಇವರು ಹಟ್ಟಿ ನೋಡಿಕೊಳ್ಳಲಿ. ಹೊರಡುವ ಹಿಂದಿನ ದಿನ ಕರೆಯುವವರು ಬಂದು ಹಸುವಿನ ಮೈಮುಟ್ಟಿ ಒಂದು ಹೊತ್ತು ಕರೆದು ನೋಡಬೇಕು. ಅಪರಿಚಿತ ಕೈಗೆ ಹಸು ಹಾಲು ಬಿಡುವುದಿಲ್ಲ.