ಚಿಕ್ಕ ಹೆಸರಿನ ವ್ಯಾಪಾರ: ಡೊಮೇನ್ ಕೊಂಡು ಮಾರುವವರಿಗೆ ಒಂಬತ್ತು ಸೂತ್ರಗಳು

ಇಂಗ್ಲಿಷ್ ವರ್ಣಮಾಲೆಯ 26 ಅಕ್ಷರಗಳನ್ನು ಹೇಗೆ ಜೋಡಿಸಿದರೂ ಎರಡಕ್ಷರದ ಡಾಟ್ ಕಾಂ ಹೆಸರುಗಳು 676 ಮಾತ್ರ. ಮೂರಕ್ಷರದವು 17,576. ನಾಲ್ಕಕ್ಷರದವು 4,56,976. ಅವೆಲ್ಲ ಎಂದೋ ಯಾರ್ಯಾರದೋ ಪಾಲಾಗಿವೆ. ಇನ್ನು ಬೇಕೆಂದರೆ ಇದ್ದವರಿಂದಲೇ ಕೊಳ್ಳಬೇಕು. 2010ರಲ್ಲಿ ಫೇಸ್‌ಬುಕ್ 'ಎಫ್‌ಬಿ ಡಾಟ್ ಕಾಂ'ಗಾಗಿ ಅಮೆರಿಕದ ರೈತ ಸಂಘಟನೆ ಫಾರ್ಮ್ ಬ್ಯೂರೋಗೆ 85 ಲಕ್ಷ ಡಾಲರ್ ಕೊಟ್ಟಿತು. 2014ರಲ್ಲಿ ಶಿಯೋಮಿ 'ಎಂಐ ಡಾಟ್ ಕಾಂ'ಗೆ 36 ಲಕ್ಷ ಡಾಲರ್ ತೆತ್ತಿತು. ಮರುವರ್ಷ ಚೀನಾದ ಚಿಹೂ ಕಂಪನಿ '360 ಡಾಟ್ ಕಾಂ' ಹೆಸರನ್ನು ವೋಡಾಫೋನ್‌ನಿಂದ 1.7 ಕೋಟಿ ಡಾಲರ್‌ಗೆ ಕೊಂಡಿತು.

ಇಂಥ ಸುದ್ದಿ ಓದಿಯೇ ಬಹಳ ಮಂದಿ ಈ ವ್ಯಾಪಾರಕ್ಕೆ ಇಳಿಯುತ್ತಾರೆ. ಆದರೆ ಮೂರೂ ಕಡೆ ಒಂದು ಸಂಗತಿ ಸಮಾನ. ಕೊಂಡವರನ್ನು ಜನ ಅದಾಗಲೇ ಆ ಹೆಸರಿನಿಂದಲೇ ಗುರುತಿಸುತ್ತಿದ್ದರು, ಅವರಿಗೆ ಅದು ಬೇಕೇ ಬೇಕಿತ್ತು. ಕೆಳಗಿನ ಸೂತ್ರಗಳೆಲ್ಲ ಈ ಒಂದು ಸಂಗತಿಯ ಸುತ್ತಲೇ ಇವೆ.

1. ಮೊದಲು ಗಿರಾಕಿ, ಆಮೇಲೆ ಹೆಸರು.
ಮೂರೋ ನಾಲ್ಕೋ ಅಕ್ಷರದ ಹೆಸರು ಕಣ್ಣಿಗೆ ಬಿದ್ದ ಕೂಡಲೇ ದುಡ್ಡು ತೆಗೆಯಬೇಡಿ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ, ಲಿಂಕ್ಡ್‌ಇನ್‌ನಲ್ಲಿ, ಗೂಗಲ್‌ನಲ್ಲಿ ಆ ಅಕ್ಷರಗಳನ್ನು ಹಾಕಿ ಹುಡುಕಿ. ಅದೇ ಅಕ್ಷರಗಳಿಗೆ 'ಗ್ರೂಪ್', 'ಇಂಡಿಯಾ', 'ಆನ್‌ಲೈನ್' ಎಂಬ ಬಾಲ ಸೇರಿಸಿಕೊಂಡೋ, ನಡುವೆ ಅಡ್ಡಗೆರೆ ಹಾಕಿಕೊಂಡೋ, ಡಾಟ್ ನೆಟ್ ಹಿಡಿದುಕೊಂಡೋ ಕೆಲಸ ನಡೆಸುತ್ತಿರುವ ಸಂಸ್ಥೆಗಳ ಪಟ್ಟಿ ಮಾಡಿ. ಅವರೇ ನಿಮ್ಮ ನಾಳೆಯ ಗಿರಾಕಿಗಳು. ಪಟ್ಟಿಯಲ್ಲಿ ಹತ್ತು ಹದಿನೈದು ಹೆಸರಿದ್ದು, ನಾಲ್ಕೈದು ಸಂಸ್ಥೆಗಳಿಗಾದರೂ ಹಣದ ತಾಕತ್ತಿದ್ದರೆ ಮುಂದುವರಿಯಿರಿ. ಪಟ್ಟಿ ಖಾಲಿಯಾದರೆ ಹೆಸರು ಎಷ್ಟೇ ಚಿಕ್ಕದಿದ್ದರೂ ಬಿಟ್ಟುಬಿಡಿ.

2. ಫೋನಿನಲ್ಲಿ ಹೇಳಿ ನೋಡಿ.
ಸ್ನೇಹಿತರಿಗೆ ಫೋನ್ ಮಾಡಿ, ಹೆಸರನ್ನು ಒಮ್ಮೆ ಮಾತ್ರ ಹೇಳಿ, ಬರೆದುಕೊಳ್ಳಲು ಹೇಳಿ. ಬಿ, ಡಿ, ಪಿ, ಟಿ ಒಟ್ಟಿಗೆ ಬಂದರೆ ಕೇಳುವವರು ತಡವರಿಸುತ್ತಾರೆ. ಎಂ ಮತ್ತು ಎನ್ ಜೊತೆಯಲ್ಲಿದ್ದರೂ ಅದೇ ಕಥೆ. ಅಂಕಿಯ ಸೊನ್ನೆ ಮತ್ತು ಓ ಅಕ್ಷರ ಬೆರೆತಿದ್ದರಂತೂ ತೆಗೆದುಕೊಳ್ಳಲೇಬೇಡಿ. ನಾಲ್ಕಕ್ಷರ ಸೇರಿ ಒಂದೇ ಉಸಿರಿನಲ್ಲಿ ಹೇಳಬಲ್ಲ ಪದವಾದರೆ (ಜೋಹೋ, ಊಬರ್, ನೈಕಿ ಇದ್ದಂತೆ) ಅದರ ದರ್ಜೆಯೇ ಬೇರೆ. ಒರಟಾದ ಹತ್ತು ಹೆಸರಿಗೆ ಹಾಕುವ ಹಣವನ್ನು ಅಂಥ ಒಂದಕ್ಕೆ ಹಾಕುವುದು ಜಾಣತನ ಎಂಬುದು ನನ್ನ ಖಚಿತ ಅಭಿಪ್ರಾಯ.

3. ಡಾಟ್ ಕಾಂ ಮೊದಲು.
ಡಾಟ್ ಇನ್ ಎರಡನೆಯದು. 2005ರಲ್ಲಿ ಎಲ್ಲರಿಗೂ ಮುಕ್ತವಾದ ಅದನ್ನು ನಿಕ್ಸಿ ಸಂಸ್ಥೆ ನೋಡಿಕೊಳ್ಳುತ್ತದೆ. ಭಾರತದ ಗಿರಾಕಿಯೇ ಗುರಿಯಾದರೆ ಚಿಕ್ಕ ಡಾಟ್ ಇನ್ ಹೆಸರು ಕಡಿಮೆ ಬಂಡವಾಳದ ಒಳ್ಳೆಯ ಆರಂಭ. ಬೆಂಗಳೂರಿನ ಸ್ಟಾರ್ಟಪ್‌ಗಳು ಮುಗಿಬೀಳುವ ಡಾಟ್ ಎಐ ನಿಜಕ್ಕೂ ಕೆರಿಬಿಯನ್ ಸಮುದ್ರದ ಅಂಗ್ವಿಲ್ಲಾ ಎಂಬ ಪುಟ್ಟ ದ್ವೀಪದ ಪಾಲಿನದು. ಕನಿಷ್ಠ ಎರಡು ವರ್ಷಕ್ಕೆ ಒಟ್ಟಿಗೆ ಕಟ್ಟಬೇಕು, ಶುಲ್ಕವೂ ಡಾಟ್ ಕಾಂಗಿಂತ ಹಲವು ಪಟ್ಟು. ದೇಶಗಳಿಗೆ ಸೇರಿದ ಇಂಥ ಬಾಲಗಳಲ್ಲಿ ಆ ದೇಶದ ನಿಯಮವೇ ಕೊನೆಯ ಮಾತು. 2010ರಲ್ಲಿ ಲಿಬಿಯಾ 'ವಿಬಿ ಡಾಟ್ ಎಲ್‌ವೈ' ಎಂಬ ಎರಡಕ್ಷರದ ಹೆಸರನ್ನು, ಅದರಲ್ಲಿ ನಡೆಯುತ್ತಿದ್ದ ಸೇವೆ ತನ್ನ ಕಾನೂನಿಗೆ ವಿರುದ್ಧ ಎಂದು ಹೇಳಿ, ಮಾಲೀಕರ ಕೈಯಿಂದ ಕಿತ್ತುಕೊಂಡಿತು. ಕನ್ನಡ ಲಿಪಿಯ 'ಡಾಟ್ ಭಾರತ' ಕೂಡ ಇದೆ. ಅದನ್ನು ಅಭಿಮಾನದಿಂದ ಕೊಂಡು ಬಳಸಿ, ಮರುಮಾರಾಟದ ಲಾಭವನ್ನು ಸದ್ಯಕ್ಕೆ ನೆಚ್ಚಬೇಡಿ.

4. ನಡೆದ ಮಾರಾಟ ನೋಡಿ ಬೆಲೆ ಕಟ್ಟಿ.
ನೇಮ್‌ಬಯೋ ತಾಣದಲ್ಲಿ ಹಿಂದಿನ ಮಾರಾಟಗಳ ದಾಖಲೆ ಸಿಗುತ್ತದೆ. ನಿಮ್ಮ ಹೆಸರಿಗೆ ಹೋಲುವ ಹತ್ತು ಮಾರಾಟಗಳನ್ನಾದರೂ ನೋಡಿ. ಡೀಲರ್ ಡೀಲರ್‌ಗೆ ಮಾರುವ ಬೆಲೆ ಬೇರೆ, ಬಳಸುವ ಕಂಪನಿ ಕೊಡುವ ಬೆಲೆ ಬೇರೆ. ನೀವು ಕೊಳ್ಳಬೇಕಾದದ್ದು ಮೊದಲನೆಯದರಲ್ಲಿ. ಯಂತ್ರ ಹೇಳುವ ಅಂದಾಜು ಬೆಲೆಗೆ ಕಿವಿಗೊಡಬೇಡಿ.

ಅಲೆ ಎದ್ದಾಗಲಂತೂ ಹುಷಾರು. 2015ರಲ್ಲಿ ಚೀನಾದ ಹೂಡಿಕೆದಾರರು ಸ್ವರಗಳೂ ವಿ ಅಕ್ಷರವೂ ಇಲ್ಲದ ನಾಲ್ಕಕ್ಷರದ ಹೆಸರುಗಳನ್ನು ರಾಶಿರಾಶಿಯಾಗಿ ಕೊಂಡರು. ಉಳಿದ ಅಕ್ಷರಗಳು ಚೀನೀ ಪದಗಳ ಆರಂಭಕ್ಕೆ ಹೊಂದುತ್ತವೆ ಎಂಬುದೇ ಕಾರಣ. ಬೆಲೆ ಕೆಲವೇ ತಿಂಗಳಲ್ಲಿ ಹಲವು ಪಟ್ಟು ಏರಿತು, 2016ರಲ್ಲಿ ಕುಸಿಯಿತು. ತುದಿಯಲ್ಲಿ ಕೊಂಡವರ ಹೆಸರುಗಳಿಗೆ ಬಳಸುವ ಗಿರಾಕಿಯೇ ಇರಲಿಲ್ಲ. ಒಬ್ಬ ಹೂಡಿಕೆದಾರ ಇನ್ನೊಬ್ಬನಿಗೆ ಮಾರುತ್ತಾ ಹೋಗಿದ್ದ, ಅಷ್ಟೇ.

5. ಅವಧಿ ಮುಗಿದ ಹೆಸರುಗಳ ಮೇಲೆ ಕಣ್ಣಿಡಿ.
ಡಾಟ್ ಕಾಂ ಹೆಸರನ್ನು ನವೀಕರಿಸದಿದ್ದರೆ ಅದು ಕೂಡಲೇ ಬಿಡುಗಡೆಯಾಗುವುದಿಲ್ಲ. 45 ದಿನಗಳವರೆಗೆ ರಿಯಾಯಿತಿ ಅವಧಿ ಇರಬಹುದು, ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಕೊನೆಗೆ 5 ದಿನ ಕಾದು ಅಳಿಸಿಹೋಗುತ್ತದೆ. ಒಳ್ಳೆಯವು ಅಲ್ಲಿಯವರೆಗೂ ಬರುವುದು ಅಪರೂಪ, ರಿಯಾಯಿತಿ ಅವಧಿಯಲ್ಲೇ ಗೋಡ್ಯಾಡಿ, ನೇಮ್‌ಜೆಟ್‌ನಂಥ ಕಡೆ ಹರಾಜಿಗೆ ಬರುತ್ತವೆ. ಕೂಗುವ ಮೊದಲು ವೇಬ್ಯಾಕ್ ಮಷೀನ್‌ನಲ್ಲಿ ಆ ಹೆಸರಿನ ಹಳೆಯ ಪುಟಗಳನ್ನು ತೆರೆದು ನೋಡಿ. ಜೂಜಾಟ, ನಕಲಿ ಔಷಧದ ಜಾಹೀರಾತು ಕಂಡರೆ ಹಿಂದೆ ಸರಿಯಿರಿ.

6. ಇನ್ನೊಬ್ಬರ ಟ್ರೇಡ್‌ಮಾರ್ಕ್ ಮುಟ್ಟಬೇಡಿ.
ಈ ವ್ಯಾಪಾರಕ್ಕೆ ಕೆಟ್ಟ ಹೆಸರು ತಂದವರು ಕಂಪನಿಗಳ ಹೆಸರನ್ನೇ ನೋಂದಾಯಿಸಿ ಕಪ್ಪ ಕೇಳುವವರು. 1999ರಿಂದ ಯುಡಿಆರ್‌ಪಿ ಎಂಬ ಜಾಗತಿಕ ವ್ಯಾಜ್ಯ ನೀತಿ ಇದೆ. ಹೆಸರು ಟ್ರೇಡ್‌ಮಾರ್ಕಿಗೆ ಹೋಲುತ್ತದೆ, ಮಾಲೀಕನಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೊಂಡದ್ದೂ ಬಳಸಿದ್ದೂ ದುರುದ್ದೇಶದಿಂದ ಎಂಬ ಮೂರನ್ನೂ ದೂರುದಾರರು ರುಜುವಾತು ಮಾಡಿದರೆ ಹೆಸರು ಕೈತಪ್ಪುತ್ತದೆ, ಬಿಡಿಗಾಸೂ ಸಿಗುವುದಿಲ್ಲ. ಡಾಟ್ ಇನ್‌ಗೆ ಇಂಥದ್ದೇ ಐಎನ್‌ಡಿಆರ್‌ಪಿ ಇದೆ.

ನಮ್ಮ ಕಾನೂನಿನ ಬುನಾದಿ ಬಿದ್ದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಶುರುವಾದ ಒಂದು ದಾವೆಯಿಂದ. ಸತ್ಯಂ ಇನ್ಫೋವೇಯ 'ಸಿಫಿ' ಹೆಸರಿಗೆ ಒಂದು ಎಫ್ ಹೆಚ್ಚಿಗೆ ಸೇರಿಸಿದ ಹೆಸರಿನ ವಿರುದ್ಧದ ಆ ದಾವೆ ಸುಪ್ರೀಂ ಕೋರ್ಟಿಗೆ ಹೋಯಿತು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟು ಎಂದು 2004ರಲ್ಲಿ ತೀರ್ಪು ಬಂತು. ಇನ್ನು 2024ರಲ್ಲಿ, ಜಿಯೋ ಮತ್ತು ಹಾಟ್‌ಸ್ಟಾರ್ ಒಂದಾಗಬಹುದೆಂದು ಊಹಿಸಿ ಮೊದಲೇ ಜೋಡಿಹೆಸರು ನೋಂದಾಯಿಸಿದ್ದ ದೆಹಲಿಯ ಯುವಕ, ಕೇಂಬ್ರಿಜ್‌ನಲ್ಲಿ ತನ್ನ ಓದಿನ ಖರ್ಚು ಕೊಡಿ ಎಂದು ರಿಲಯನ್ಸ್ ಅನ್ನು ಕೇಳಿದ. ಸಿಕ್ಕಿದ್ದು ಕಾನೂನು ಕ್ರಮದ ಎಚ್ಚರಿಕೆ.

ಚಿಕ್ಕ ಹೆಸರಿನ ಬಲ ಇಲ್ಲೇ ಇದೆ. ಮೂರಕ್ಷರದ ಸಂಕ್ಷೇಪ ನೂರಾರು ಸಂಸ್ಥೆಗಳಿಗೆ ಹೊಂದುವುದರಿಂದ ಯಾರೊಬ್ಬರೂ ಅದು ತಮ್ಮದೇ ಎನ್ನುವುದು ಕಷ್ಟ. ಆದರೆ ಆ ಹೆಸರಿನ ಪುಟದಲ್ಲಿ ಯಾವುದೋ ಕಂಪನಿಯ ಪ್ರತಿಸ್ಪರ್ಧಿಗಳ ಜಾಹೀರಾತು ತಾನಾಗಿ ಮೂಡಿದರೂ ಅದನ್ನೇ ದುರುದ್ದೇಶಕ್ಕೆ ಸಾಕ್ಷಿ ಮಾಡುತ್ತಾರೆ. ಜಾಹೀರಾತಿನ ಪುಡಿಗಾಸು ಬೇಡ, 'ಮಾರಾಟಕ್ಕಿದೆ' ಎಂಬ ಸಾದಾ ಪುಟ ಸಾಕು.

7. ನವೀಕರಣದ ಲೆಕ್ಕ ಮೊದಲೇ ಹಾಕಿ.
ಒಂದು ಹೆಸರಿಗೆ ವರ್ಷಕ್ಕೆ ₹1,200 ಎಂದಿಟ್ಟುಕೊಳ್ಳಿ. ನೂರು ಹೆಸರಿಗೆ ₹1.2 ಲಕ್ಷ. ವರ್ಷಕ್ಕೆ ನೂರರಲ್ಲಿ ಎರಡು ಮಾರಾಟವಾದವು, ಮಾರುಕಟ್ಟೆ ತಾಣ ಶೇ 20 ಕಮಿಷನ್ ಹಿಡಿಯಿತು ಎಂದಾದರೆ, ಬರೀ ನವೀಕರಣದ ಖರ್ಚು ಹುಟ್ಟಲು ಆ ಎರಡೂ ತಲಾ ₹75,000ಕ್ಕೆ ಹೋಗಬೇಕು. ಕೊಂಡ ಹಣ ಇನ್ನೂ ಇದರಲ್ಲಿ ಸೇರಿಲ್ಲ. ಆದ್ದರಿಂದ ಹೆಸರುಗಳು ಕಡಿಮೆಯಿರಲಿ, ಒಳ್ಳೆಯವಿರಲಿ. ಕಟ್ಟುವ ದಿನ ಮರೆಯದಂತೆ ಆಟೋ ರಿನ್ಯೂವಲ್ ಹಾಕಿಡಿ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ 'ಪಾಸ್‌ಪೋರ್ಟ್ ಡಾಟ್ ಕಾಂ'ಗೆ ಕಟ್ಟಬೇಕಿದ್ದ 35 ಡಾಲರ್ ಮರೆತದ್ದರಿಂದ ಹಾಟ್‌ಮೇಲ್ ಬಳಕೆದಾರರು ಪರದಾಡಿದ್ದರು.

8. ಕಳ್ಳರಿಂದ ಕಾಪಾಡಿಕೊಳ್ಳಿ.
'ಪಿ2ಪಿ ಡಾಟ್ ಕಾಂ' ಎಂಬ ಹೆಸರನ್ನು 2006ರಲ್ಲಿ ಒಬ್ಬ ಕದ್ದು, ಈಬೇಯಲ್ಲಿ ಬಾಸ್ಕೆಟ್‌ಬಾಲ್ ಆಟಗಾರನೊಬ್ಬನಿಗೆ 1,11,000 ಡಾಲರ್‌ಗೆ ಮಾರಿದ. 2011ರಲ್ಲಿ ಅವನಿಗೆ ಐದು ವರ್ಷ ಜೈಲಾಯಿತು. ಹೆಸರು ನೋಂದಾಯಿಸಿಕೊಡುವ ರಿಜಿಸ್ಟ್ರಾರ್ ಸಂಸ್ಥೆಯಲ್ಲಿನ ಖಾತೆಗೆ ಎರಡು ಹಂತದ ಲಾಗಿನ್ ಇರಲಿ, ಟ್ರಾನ್ಸ್‌ಫರ್ ಲಾಕ್ ಸದಾ ಹಾಕಿರಲಿ. ಖಾತೆಗೆ ಕೊಟ್ಟ ಇಮೇಲ್ ಅದೇ ಖಾತೆಯಲ್ಲಿರುವ ಡೊಮೇನಿನ ವಿಳಾಸವಾಗಿರಬಾರದು. ಹೆಸರು ಹೋದ ದಿನ ಇಮೇಲ್ ಕೂಡ ಹೋಗುತ್ತದೆ, ದೂರು ಕೊಡಲು ದಾರಿಯೇ ಉಳಿಯದು.

9. ಮಾರುವಾಗ ಆತುರ ಬೇಡ, ಕ್ರಮ ತಪ್ಪಬೇಡಿ.
'ಈ ಹೆಸರು ಸಿಗುತ್ತದೆಯೇ?' ಎಂದು ಒಂದು ಸಾಲಿನ ಇಮೇಲ್ ಬಂದರೆ, ಯಾರು ಕೇಳುತ್ತಿದ್ದಾರೆ ಎಂದು ಮೊದಲು ತಿಳಿಯಿರಿ. ದೊಡ್ಡ ಕಂಪನಿಗಳು ಬ್ರೋಕರ್ ಮೂಲಕ, ಖಾಸಗಿ ಇಮೇಲಿನಿಂದ ವಿಚಾರಿಸುವುದು ಸಾಮಾನ್ಯ. ನಿಮ್ಮ ಬೆಲೆಯನ್ನು ಒಂದೇ ಅಂಕಿಯಲ್ಲಿ ಹೇಳಿ, ಅದಕ್ಕೆ ಆಧಾರವಾದ ಎರಡು ಮೂರು ಹಳೆಯ ಮಾರಾಟಗಳನ್ನೂ ಬರೆಯಿರಿ. ಒಪ್ಪಿಗೆಯಾದರೆ ಎಸ್ಕ್ರೋ ಡಾಟ್ ಕಾಂನಂಥ ಮಧ್ಯಸ್ಥರ ಮೂಲಕವೇ ವ್ಯವಹಾರ ಮಾಡಿ. ಕೊಳ್ಳುವವರು ಹಣವನ್ನು ಮಧ್ಯಸ್ಥರಲ್ಲಿ ಇಡುತ್ತಾರೆ. ಹಣ ಬಂದದ್ದನ್ನು ಇಮೇಲಿನ ಮಾತು ನಂಬದೆ, ಎಸ್ಕ್ರೋ ತಾಣಕ್ಕೆ ನೀವೇ ಲಾಗಿನ್ ಆಗಿ ನೋಡಿ. ಆಮೇಲೆ ಲಾಕ್ ತೆಗೆದು, ವರ್ಗಾವಣೆಗೆ ಬೇಕಾದ ಆಥ್ ಕೋಡ್ ಕೊಡಿ. ಹೆಸರು ಕೈಸೇರಿತೆಂದು ಅವರು ಒಪ್ಪಿದ ಮೇಲೆ ಹಣ ನಿಮ್ಮ ಬ್ಯಾಂಕಿಗೆ ಬರುತ್ತದೆ. ಹೊಸದಾಗಿ ನೋಂದಾಯಿಸಿದ ಅಥವಾ ಈಚೆಗಷ್ಟೇ ರಿಜಿಸ್ಟ್ರಾರ್ ಬದಲಿಸಿದ ಹೆಸರಿಗೆ ಸಾಮಾನ್ಯವಾಗಿ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಹೋಗಲು ತಡೆ ಇರುತ್ತದೆ, ಇದನ್ನು ಮೊದಲೇ ತಿಳಿಸಿ. ವಿದೇಶದಿಂದ ಹಣ ಬಂದಿದ್ದರೆ ಬ್ಯಾಂಕಿನಿಂದ ಅದರ ಪ್ರಮಾಣಪತ್ರ ಪಡೆದು, ಖರೀದಿ ಮತ್ತು ನವೀಕರಣದ ರಸೀತಿಗಳ ಜೊತೆ ನಿಮ್ಮ ಸಿಎ ಅವರಿಗೆ ಅದೇ ತಿಂಗಳು ಒಪ್ಪಿಸಿ.